ಒಂದು ಕಮಾನು, ಎರಡು ಬಣ್ಣ

ನಮ್ಮ ಮನೆ ಸೇಡಂನ ಹಳೆಯ ಓಣಿಯಲ್ಲಿದೆ. ಎದುರಿಗೆ ದೊಡ್ಡ ಕಲ್ಲಿನ ಕಮಾನು, ಅದರೊಳಗೆ ಎರಡು ಕದದ ಸಾಗುವಾನಿ ಬಾಗಿಲು, ಎರಡೂ ಬದಿಗೆ ದೀಪ ಇಡುವ ಮಾಡಗಳು. ಹಳೇ ಕಾಲದ ಮನೆ ಎಂದು ಯಾರಾದರೂ ಫೋಟೋ ತೆಗೆಯಲು ನಿಂತರೆ ನನಗೆ ನಾಚಿಕೆಯಾಗುತ್ತಿತ್ತು. ಕಮಾನಿನ ನೆತ್ತಿಯಿಂದ ಹೊಸ್ತಿಲವರೆಗೆ ನಟ್ಟನಡುವೆ ಒಂದು ಗೆರೆ. ಎಡಕ್ಕೆ ನಮ್ಮ ಪಾಲು, ಹಳದಿ. ಬಲಕ್ಕೆ ಭಾವನವರ ಪಾಲು, ಗುಲಾಬಿ. ನಾವು ಎಡಗಡೆಯ ಕದ ತೆಗೆದು ಓಡಾಡುತ್ತಿದ್ದೆವು, ಅವರು ಬಲಗಡೆಯದು. ಈ ಬಾಗಿಲು ಮಾಡಿಸಿದ ಪುಣ್ಯಾತ್ಮ ಇದಕ್ಕೆಂದೇ ಎರಡು ಕದ ಇಡಿಸಿದ್ದನೇನೋ ಎಂದು ನಾನು ಗೊಣಗುತ್ತಿದ್ದೆ.

ನಮ್ಮ ಯಜಮಾನರು ಮತ್ತು ಭಾವನವರು ಒಂದೇ ತಾಯಿಯ ಇಬ್ಬರು ಮಕ್ಕಳು. ಪಾಲಾದಾಗ ನಿಂತ ಮಾತು ನಿಂತೇ ಹೋಗಿತ್ತು. ಜಗಳ ಯಾವುದಕ್ಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನಾನೂ ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ ಅಕ್ಕನೂ ಮಾತ್ರ ಹಿತ್ತಲ ಗೋಡೆಯ ಮೇಲಿಂದ ಪಲ್ಯದ ಬಟ್ಟಲು ದಾಟಿಸಿಕೊಳ್ಳುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ನಮ್ಮ ಕಡೆಯ ಹಳದಿ ಹಕ್ಕಳಿಕೆ ಏಳತೊಡಗಿತು. ಮಾಡದೊಳಗೆ ಉಗುರಿನಿಂದ ಕೆರೆದು ನೋಡಿದರೆ ತಳದಲ್ಲಿ ಹಳೆಯ ಬಣ್ಣ ಹಾಗೇ ಇತ್ತು. ಚಿಟಿಕೆ ನೀಲಿ ಬೆರೆಸಿದ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ನಾನು ಸೊಸೆಯಾಗಿ ಬಂದಾಗ ಇಡೀ ಮನೆ ಹೀಗೇ ಇತ್ತು. ಮತ್ತೆ ಹಾಗೇ ಆಗಬೇಕು ಅನ್ನಿಸಿತು. ಆದರೆ ನಮ್ಮ ಪಾಲಿಗಷ್ಟೇ ಹಚ್ಚಿದರೆ ಅರ್ಧ ಮುಖಕ್ಕೆ ಪೌಡರ್ ಬಳಿದ ಹಾಗೆ. ಗೋಡೆಯ ಮೇಲಿಂದ ಅಕ್ಕನಿಗೆ ಹೇಳಿದೆ. ಮರುದಿನ ಉತ್ತರ ಬಂತು.

“ತಮ್ಮ ಬಂದು ಒಂದ್ ಮಾತು ಕೇಳಲಿ, ಇಡೀ ಮನಿಗಿ ಹಚ್ಚಲಿ, ನಂದೇನು ತಕರಾರಿಲ್ಲ ಅಂದಾರ.”

ಯಜಮಾನರು ಉರಿದು ಬಿದ್ದರು. “ಗುಲಾಬಿ ಬಳಿಯುವಾಗ ಅಂವ ನನಗ ಕೇಳಿದ್ದನೇನು? ನಾ ಯಾಕ ಕೇಳಲಿ?”

ನಾನು ಹಟದವಳು. ಸುಣ್ಣ ತರಿಸಿ ಕಣ್ಣೆದುರು ಇಟ್ಟರೆ ಹೇಗೆ ಕೇಳುವುದಿಲ್ಲ ನೋಡೋಣ ಎಂದುಕೊಂಡೆ. ಸುತ್ತಲೂ ಸುಣ್ಣದ ಕಲ್ಲಿನ ನೆಲ, ಹಗಲಿರುಳು ಸಿಮೆಂಟಿನ ಲಾರಿ, ಆದರೆ ಗೋಡೆಗೆ ಬಳಿಯಲು ಒಂದು ಬುಟ್ಟಿ ಸುಟ್ಟ ಸುಣ್ಣ ಊರಲ್ಲಿ ಇಲ್ಲ. ದೀಪದ ಬುಡದಲ್ಲೇ ಕತ್ತಲೆ. ಶಹಾಬಾದಿನಿಂದ ತರಿಸಿ, ಬಾಗಿಲ ಒಳಗೆ ಎರಡೂ ಮನೆಯವರು ಹಾಯುವ ದೇವಡಿಯಲ್ಲಿ ಡ್ರಮ್ಮಿನಲ್ಲಿ ನೆನೆ ಹಾಕಿದೆ. “ಕೇಳಿದ್ರೇನ್ರಿ?” ಎಂದು ದಿನಾ ಕೇಳುತ್ತಿದ್ದೆ. “ನೋಡಾಮು” ಎಂಬುದು ಅವರ ಉತ್ತರ. ಒಂದು ಬೆಳಗ್ಗೆ ಆ ಡ್ರಮ್ಮಿನ ಹತ್ತಿರವೇ ಇಬ್ಬರೂ ಎದುರುಬದುರಾದರು. ಭಾವನವರು ನಿಂತರು. ಇವರು ಗಂಟಲು ಸರಿಮಾಡಿಕೊಂಡರು. ನಾನು ಒಳಗಿನ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಇವರು ನನ್ನ ಕಡೆ ತಿರುಗಿ, “ಛತ್ರಿ ಎಲ್ಲಿಟ್ಟೀದಿ?” ಎಂದರು. ಹೊರಗೆ ಮೋಡವಿಲ್ಲದ ಸುಡು ಬಿಸಿಲು, ಬಿಸಿಲಿಗೆ ಇವರು ಎಂದೂ ಛತ್ರಿ ಹಿಡಿದವರಲ್ಲ. ಭಾವನವರು ಡ್ರಮ್ಮಿನೊಳಗೊಮ್ಮೆ ಇಣುಕಿ ಹೊರಟುಹೋದರು.

ಆ ವಾರವೇ ಭಾವನವರ ಎದೆಬಡಿತ ನಿಂತಿತು. ಅಕ್ಕನ ಚೀರಾಟಕ್ಕೆ ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರನ್ನು ಹೊರಗೆ ತರಲು ಒಂದು ಕದ ಸಾಲಲಿಲ್ಲ. ನಮ್ಮ ಕದದ ಕೀಲು ತುಕ್ಕು ಹಿಡಿದು ಅದು ಅರ್ಧವಷ್ಟೇ ತೆರೆಯುತ್ತಿತ್ತು, ಯಜಮಾನರು ಗುಂಡುಕಲ್ಲಿನಿಂದ ಜಜ್ಜಿ ಜಜ್ಜಿ ಪೂರ್ತಿ ತೆರೆದರು. ಅಣ್ಣನಿಗೆ ಹೆಗಲು ಕೊಟ್ಟರು. ಅಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ನಾನು ಗೊತ್ತುಮಾಡಿದ್ದ ಬಣ್ಣದವ ಬಂದು ನಿಂತ. “ಅಮ್ಮಾ, ಸುಣ್ಣ ಹಂಗೇ ಕುಂತದ. ನಿಮ್ಮ ಕಡೀದರ ಹಚ್ಚಲೇನ್ರಿ?”

ನಮ್ಮಲ್ಲಿ ಸಾವಾದ ಮನೆಗೆ ವರ್ಷ ತುಂಬುವ ತನಕ ಸುಣ್ಣ ಬಳಿಯುವುದಿಲ್ಲ. ಆದರೆ ಅಣ್ಣನಿಗೂ ನನಗೂ ಸಂಬಂಧ ಮುಗೀತು ಎಂದು ಊರಿಗೆಲ್ಲ ಸಾರಿದ್ದವರು ಇವರು. ನಾನು ಇವರ ಮುಖ ನೋಡಿದೆ.

“ನಮ್ಮ ಮನ್ಯಾಗ ಸತ್ತಾರ,” ಎಂದರು. “ಹ್ಯಾಂಗ ಹಚ್ತಿ?” ಡ್ರಮ್ಮಿನ ಮುಚ್ಚಳ ಮುಚ್ಚಿ ಮೇಲೊಂದು ಪರಸಿ ಕಲ್ಲಿನ ಚಪ್ಪಡಿ ಹೇರಿದರು.

ನನಗೆ ಸಿಟ್ಟು ನೆತ್ತಿಗೇರಿತು. “ಇದ್ದಾಗ ಅವರ ಮನಿ, ಸತ್ತ ಮ್ಯಾಲ ನಮ್ಮ ಮನಿ!” ಎಂದುಬಿಟ್ಟೆ. ಅಂದು ಅವರು ಊಟಕ್ಕೇ ಏಳಲಿಲ್ಲ.

ಆ ವರ್ಷ ಲಾರಿಗಳ ಧೂಳು ಎರಡೂ ಕಡೆ ಕೂತಿತು, ಮೇಲೆ ಮಳೆ ಬಿದ್ದು ಮೆತ್ತಿಕೊಂಡಿತು. ಹಳದಿ, ಗುಲಾಬಿ ಎರಡೂ ಬೂದಿಯಂತಾದವು. ಮಾರ್ಕೆಟ್ಟಿನಿಂದ ಬರುವಾಗ ಒಂದು ದಿನ ತಲೆಯೆತ್ತಿ ನೋಡಿದರೆ ಕಮಾನಿನ ನಡುವಿನ ಗೆರೆಯೇ ಕಾಣಲಿಲ್ಲ. ಇಡೀ ಮನೆಗೆ ಒಂದೇ ಬಣ್ಣ ಬೇಕು ಎಂದು ಹಟ ಹಿಡಿದವಳು ನಾನೇ. ಚೀಲ ಹಿಡಿದುಕೊಂಡು ರಸ್ತೆಯಲ್ಲೇ ಅತ್ತೆ.

ವರ್ಷ ತುಂಬಿತು. ಬಣ್ಣದವ ಮತ್ತೆ ಬಂದ. ಆ ಗುಲಾಬಿ ಪ್ಲಾಸ್ಟಿಕ್ ಪೇಂಟು, ಅದರ ಮೇಲೆ ಸುಣ್ಣ ಹಿಡಿಯುವುದಿಲ್ಲ, ಎಲ್ಲ ಕೆರೆದು ತೆಗೆಯಬೇಕು ಎಂದ. ಯಜಮಾನರು ಎದ್ದು, ಪಾಲಾದ ಮೇಲೆ ಸಾವಿನ ದಿನ ಬಿಟ್ಟರೆ ಕಾಲಿಡದ ಆ ಮನೆಯ ಪಡಸಾಲೆಗೆ ಹೋದರು. ನಾನು ಹಿಂದೆಯೇ ಹೋದೆ. ಅಕ್ಕ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು.

“ಅತ್ತಿಗಿ, ಅಣ್ಣನ ಕಡೀಗಿ ಸುಣ್ಣ ಹಚ್ಚಲೇನ್ರಿ?”

ಅಕ್ಕ ತಲೆಯೆತ್ತಲಿಲ್ಲ. “ನನಗ್ಯಾಕ ಕೇಳ್ತೀರಿ? ಕೇಳ್ತಾನ ಅಂತ ಹಾದಿ ನೋಡ್ದವ್ರು ಹೋದ್ರು.” ಬೇಳೆಯಲ್ಲಿ ಬೆರಳಾಡಿಸುತ್ತ ಆಮೇಲೆ, “ಹಚ್ರಿ,” ಎಂದಳು.

ಈಗ ಮನೆ ಮೊದಲಿನಂತೆಯೇ ಇದೆ. ನೀಲಿ ಬೆರೆತ ಸುಣ್ಣ, ಕೆಮ್ಮಣ್ಣಿನ ಪಟ್ಟಿ, ಕದಗಳಿಗೆ ಬರೀ ಎಣ್ಣೆ. ಚಿತ್ತಾಪುರದಿಂದ ಬಂದ ಬೀಗರು ಕೂಡ ಮನೆ ಅಂದರೆ ಹೀಗಿರಬೇಕು ಎಂದು ಹೊಗಳಿ ಹೋದರು. ಬೆಳಗಾದರೆ ಅಕ್ಕ ಎರಡೂ ಕದ ತೆರೆದಿಡುತ್ತಾಳೆ. ಯಜಮಾನರು ಮಾತ್ರ ಇಂದಿಗೂ ಎಡಕ್ಕೆ ಸರಿದು, ಅರ್ಧ ಬಾಗಿಲಿನಲ್ಲೇ ಒಳಗೆ ಬರುತ್ತಾರೆ.