ನಡುವೆ ನಿಂತವನ ಕೆನಡಾ ಪುರಾಣ

ಇವತ್ತು ಬೆಳಿಗ್ಗೆ ಸಿಕಂದರಾಬಾದಿನ ಹತ್ತಿರದ ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ನಿಂತಿದ್ದಾಗ ಒಬ್ಬ ಹುಡುಗಿ ಬಂದು ಬಹಳ ವಿನಯದಿಂದ, "ಅಂಕಲ್, ಥೋಡಾ ಸೈಡ್ ಹೋ ಜಾವೋ ನಾ" ಅಂದಳು. ತಿರುಗಿ ನೋಡಿದರೆ ಅವಳ ಗಂಡನೋ, ಗಂಡನಾಗಲಿರುವವನೋ, ಮೊಬೈಲು ಹಿಡಿದ ಕೈಯನ್ನು ಉದ್ದಕ್ಕೆ ಚಾಚಿ ಕಾಯುತ್ತಿದ್ದ. ಹಿಂದೆ ರೈಲು ಬರಬೇಕು, ಮುಂದೆ ಇವರಿಬ್ಬರೂ ನಗಬೇಕು. ಇಂಥ ಸುಂದರ ಯೋಜನೆಯ ನಟ್ಟನಡುವೆ ಕೈಚೀಲ ಹಿಡಿದ ನಾನು ಸ್ಮಾರಕದಂತೆ ನಿಂತಿದ್ದೆ. ಸರಿದು ನಿಂತೆ. ಒಂದು ಮಾತೂ ಆಡದೆ, ಮುಖ ಗಂಟಿಕ್ಕದೆ ಸರಿದೆ ಎಂಬುದನ್ನು ನೀವು ಗಮನಿಸಬೇಕು. ಏಕೆಂದರೆ ಸರಿದು ನಿಲ್ಲುವ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕೆನಡಾ ದೇಶದ ದೆಸೆಯಿಂದ ಬಂದದ್ದು.

ಹಾಗೆಂದು ನಾನು ಕೆನಡಾ ಕಂಡವನೆಂದು ತಿಳಿಯಬೇಡಿ. ರೈಲ್ವೆಯಲ್ಲಿ ನೌಕರಿ ಮಾಡಿ ನಿವೃತ್ತನಾದ ನನಗೆ ಈಗ ಊರಿನ ಆ ತುದಿಯ ಲಿಂಗಂಪಲ್ಲಿಗೆ ಹೋಗಿ ಬರುವುದೇ ದೊಡ್ಡ ಪ್ರವಾಸ. ಹೋದವಳು ನನ್ನ ತಂಗಿ ಗಿರಿಜಾ.

ಗಿರಿಜಾ ನಮ್ಮ ಮನೆಯಲ್ಲೇ ಇದ್ದವಳು. ಕಲಬುರಗಿಯಿಂದ ನಮ್ಮವ್ವನನ್ನು ಇಲ್ಲಿಗೆ ಕರೆದುಕೊಂಡು ಬಂದ ಮೇಲೆ ಅವ್ವ ಹಾಸಿಗೆ ಹಿಡಿದಳು. ಗಿರಿಜಾ ಶಾಲೆಯಲ್ಲಿ ಕಲಿಸುತ್ತ, ಮನೆಯಲ್ಲಿ ಅವ್ವನನ್ನು ನೋಡಿಕೊಳ್ಳುತ್ತ, ಬಂದ ವರಗಳಿಗೆಲ್ಲ "ಈಗ ಬ್ಯಾಡ" ಎನ್ನುತ್ತ ಇದ್ದುಬಿಟ್ಟಳು. ಅವ್ವ ತೀರಿಕೊಂಡಾಗ ಗಿರಿಜಾಳ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ವರಗಳು ಬರುವುದೂ ನಿಂತಿತ್ತು.

ಆಗ ಬಂದವರು ಮಲ್ಲಿನಾಥ. ಅವರೂ ನಮ್ಮ ಕಡೆಯವರೇ, ದೂರದ ಬಳಗ. ಕೆನಡಾದಲ್ಲಿ ಒಂದು ದೊಡ್ಡ ಬ್ರೆಡ್ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ಕೆಲಸ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಲಿಂಗಂಪಲ್ಲಿಯ ಬಳಗದವರ ಮನೆಯ ತೊಟ್ಟಿಲ ಕಾರ್ಯಕ್ಕೆ ಬಂದಿದ್ದವರು ಅಲ್ಲಿ ಗಿರಿಜಾ ಬಡಿಸಿದ ಎಣ್ಣೆಗಾಯಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡರಂತೆ. ಊಟವಾದ ಮೇಲೆ ತಮ್ಮ ತಾಟನ್ನು ತಾವೇ ತೊಳೆದಿಟ್ಟರಂತೆ. "ತಾಟು ತೊಳದದ್ದು ನೋಡಿ ಒಪ್ಪಿದೆನ?" ಎಂದು ನನ್ನ ಹೆಂಡತಿ ಛೇಡಿಸಿದಾಗ ಗಿರಿಜಾ, "ಇಲ್ರಿ ವೈನಿ, ತೊಳದು ಯಾರರೆ ನೋಡಿದ್ರೇನು ಅಂತ ತಿರುಗಿ ನೋಡಲಿಲ್ಲ, ಅದಕ್ಕ" ಅಂದಳು. ಇದಕ್ಕಿಂತ ಗಟ್ಟಿ ಕಾರಣದ ಮೇಲೆ ನಿಂತ ಮದುವೆಯನ್ನು ನಾನು ಕಂಡಿಲ್ಲ.

ಮದುವೆ ನಮ್ಮ ಮನೆಯಲ್ಲೇ, ಬೆರಳೆಣಿಕೆಯ ಮಂದಿಯ ನಡುವೆ ನಡೆಯಿತು. ಆಡಂಬರದ ವಿರುದ್ಧ ನಾನು ಜೀವಮಾನವಿಡೀ ಭಾಷಣ ಮಾಡಿದವನು. ಕೊನೆಗೂ ಅದನ್ನು ಆಚರಣೆಗೆ ತರುವ ಅವಕಾಶ ಸಿಕ್ಕಿತ್ತು. ಪೆಂಡಾಲಿಲ್ಲ, ಬ್ಯಾಂಡಿಲ್ಲ, ಫೋಟೋದವನೂ ಇಲ್ಲ. ಪಕ್ಕದ ಮನೆಯವರು ಮೊಬೈಲಿನಲ್ಲಿ ನಾಲ್ಕಾರು ಚಿತ್ರ ತೆಗೆದರು, ಅಷ್ಟೇ. ರಜೆ ಮುಗಿದು ಮಲ್ಲಿನಾಥರು ಕೆನಡಾಕ್ಕೆ ಹೊರಟುಹೋದರು. ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಜಿ ಹಾಕಬೇಕು, ಅದಕ್ಕೆ ತಿಳಿದವರ ಸಹಾಯ ಪಡೆಯಿರಿ ಎಂದು ಅಲ್ಲಿಂದ ಫೋನು ಮಾಡಿದರು.

ಹೀಗೆ ನಾನೂ ಗಿರಿಜಾಳೂ ಅಬಿಡ್ಸ್‌ನಲ್ಲಿ ವೀಸಾ ಅರ್ಜಿಗಳ ಕೆಲಸ ಮಾಡಿಕೊಡುವ ಖಲೀಲ್ ಸಾಹೇಬರ ಆಫೀಸಿನ ಮೆಟ್ಟಿಲು ಹತ್ತಿದೆವು. ಮದುವೆ ಕುದುರಿಸಲು ನಮಗೆ ಮಧ್ಯಸ್ಥರು ಬೇಕಾಗಿರಲಿಲ್ಲ. ಮದುವೆ ಆಗಿದೆ ಎಂದು ನಂಬಿಸಲು ಬೇಕಾದರು.

ಕೆಳಗೆ ಹಳೇ ಪುಸ್ತಕದ ಅಂಗಡಿ, ಮೇಲೆ ಆಫೀಸು. ಗೋಡೆಯ ಮೇಲೆ ಹಿಮದ ಬೆಟ್ಟದ ದೊಡ್ಡ ಚಿತ್ರ, ಅದರ ಕೆಳಗೆ ಗುಡುಗುಟ್ಟುವ ಕೂಲರು. ಖಲೀಲ್ ಸಾಹೇಬರು ಮೂಲತಃ ಹುಮನಾಬಾದಿನ ಕಡೆಯವರು. ನಮ್ಮ ಮಾತು ಕೇಳಿದೊಡನೆ ಕುರ್ಚಿಯಿಂದ ಎದ್ದು, "ಅರೆ, ನಮ್ಮ ಕಡಿಯವರ! ಬರ್ರಿ ಅಕ್ಕಾರ, ಕುಂದರ್ರಿ. ಚಾ ಹೇಳತೀನಿ" ಎಂದರು. ನಾನು ಮನಸ್ಸಿನಲ್ಲೇ ಕೆಲಸ ಅರ್ಧ ಆಯಿತು ಎಂದುಕೊಂಡೆ. ಊರಿನವರು ಸಿಕ್ಕರೆ ಸರಕಾರಗಳೂ ಕರಗುತ್ತವೆ ಎಂಬ ಮೂಢನಂಬಿಕೆ ನನಗೆ ಮೊದಲಿನಿಂದಲೂ ಇದೆ.

ಚಹಾ ಕುಡಿದಾದ ಮೇಲೆ ಅವರು ನಮ್ಮ ಮದುವೆಯ ಚಿತ್ರಗಳನ್ನು ಮೇಜಿನ ಮೇಲೆ ಹರಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಸಾಹೇಬ್ರ, ಇದರಾಗ ಮದುಮಗ ಯಾರು?"

ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಬಗ್ಗಿ ನೋಡಿದೆ. ಅಕ್ಷತೆ ಬಿದ್ದ ಕೂಡಲೇ ತೆಗೆದ ಚಿತ್ರ: ಎಡಕ್ಕೆ ಗಿರಿಜಾ, ಬಲಕ್ಕೆ ಮಲ್ಲಿನಾಥ, ನಡುವೆ ರುಮಾಲು ಸುತ್ತಿದ ನಾನು. ಊಟದ ಮುಂಚೆ: ಎಡಕ್ಕೆ ಮಲ್ಲಿನಾಥ, ಬಲಕ್ಕೆ ಗಿರಿಜಾ, ನಡುವೆ ನಾನು. ತುಳಸಿಕಟ್ಟೆಯ ಮುಂದೆ, ಬಾಗಿಲಿನಲ್ಲಿ, ಕಾರು ಹತ್ತುವಾಗ, ಎಲ್ಲೆಲ್ಲೂ ಅವರಿಬ್ಬರ ನಡುವೆ ಗಂಭೀರವದನನಾಗಿ ನಾನೇ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ, ನೀವೇ ಹೇಳಿ. ನಮ್ಮ ಮನೆತನದಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಮೈಗೆ ಮೈ ತಾಗಿಸಿ ನಿಲ್ಲುವ ಪದ್ಧತಿಯಿಲ್ಲ. ಹಿರಿಯರನ್ನು ನಡುವೆ ನಿಲ್ಲಿಸಿಕೊಳ್ಳುವುದು ಮರ್ಯಾದೆ. ಅವತ್ತು ಹಿರಿಯನೆಂದು ಉಳಿದಿದ್ದವನು ನಾನೊಬ್ಬನೇ. ಅವರು ಕೈಹಿಡಿದು ಎಳೆದಾಗಲೆಲ್ಲ ಕರ್ತವ್ಯಪ್ರಜ್ಞೆಯಿಂದ ಹೋಗಿ ನಿಂತಿದ್ದೆ. ಇದನ್ನೆಲ್ಲ ವಿವರಿಸಿದೆ. ಖಲೀಲ್ ಸಾಹೇಬರು ಶಾಂತವಾಗಿ ಕೇಳಿ, "ನಂಗ ತಿಳೀತೈತ್ರಿ. ಆದ್ರ ಅಲ್ಲಿ ಕುಂತ ಆಫೀಸರ್‌ಗ ಇದು ಹೆಂಗ ತಿಳೀಬೇಕು? ಅಕ್ಕಾರನ್ನ ಕಳಸಾಕ ಹೋಗಿ ನಿಮ್ಮನ್ನೂ ಗಂಡನ ಲೆಕ್ಕದಾಗ ಕಳಸಬೇಕಾಗ್ತೈತಿ" ಎಂದರು.

ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಡಗಿಸುತ್ತಿದ್ದದ್ದು ನಗುವನ್ನೋ ಅಳುವನ್ನೋ ನನಗೆ ಗೊತ್ತಾಗಲಿಲ್ಲ.

"ಸ್ಟುಡಿಯೋದಾಗ ಕೊಟ್ಟು ನನ್ನನ್ನ ತೆಗಿಸಿಬಿಟ್ರ?" ಎಂದೆ. ತ್ಯಾಗದಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

"ಸುಳ್ಳು ಒಂದು ಚೂರೂ ಬ್ಯಾಡ್ರಿ," ಎಂದರು ಅವರು. ಆ ಮಾತು ಹೇಳುವಾಗ ಮಾತ್ರ ಅವರ ಮುಖದಲ್ಲಿ ನಗೆಯಿರಲಿಲ್ಲ. "ಒಮ್ಮೆ ಸುಳ್ಳು ಅಂತ ಸಿಕ್ಕರ ಮುಗೀತು. ಮ್ಯಾಲ, ನಿಮ್ಮನ್ನ ತೆಗದ್ರ ನಡುವ ಒಂದಾಳಿನ ಜಾಗ ಖಾಲಿ ಉಳೀತೈತಿ. ಹೊಸಾ ಗಂಡ ಹೆಂಡ್ತಿ ಇಷ್ಟ್ಯಾಕ ದೂರ ನಿಂತಾರ ಅಂತ ಕೇಳ್ತಾರ. ಈ ವಯಸ್ಸಿನ ಮದಿವಿ, ಮಂದಿ ಕಡಿಮಿ, ಮೊದಲ ಸಂಶೇ ಬರ್ತೈತಿ. ಒಂದು ಸಲ ಇಲ್ಲ ಅಂದ್ರ ಮತ್ತ ವರ್ಷಾನುಗಟ್ಟಲೆ ಎಳೀತೈತ್ರಿ."

ನನ್ನ ಸರಳ ವಿವಾಹದ ಆದರ್ಶವು ಅಂತರರಾಷ್ಟ್ರೀಯ ಮಟ್ಟದಲ್ಲಿ ಸಂಶಯಕ್ಕೆ ಗುರಿಯಾದ ಆ ಕ್ಷಣದಲ್ಲಿ ಗಿರಿಜಾ ಮೆಲ್ಲಗೆ ಅಂದಳು: "ಕಾಯೋದು ನಂಗ ರೂಢಿ ಐತ್ರಿ. ಅವರಿಗೆ ಇಲ್ಲ. ಒಬ್ಬರ ಕುಂತು ಉಣ್ತಾರ."

ಖಲೀಲ್ ಸಾಹೇಬರು ಕೆಲಸ ಮಾಡುವ ರೀತಿ ವಿಚಿತ್ರವಾಗಿತ್ತು. ಕಾಗದಪತ್ರ ಆಮೇಲೆ, ಮೊದಲು ಮಾತು. ಅಧಿಕಾರಿ ಕೇಳಬಹುದಾದ ಪ್ರಶ್ನೆಗಳನ್ನು ತಾವೇ ಕೇಳಿ ನೋಡುತ್ತಿದ್ದರು. "ನಿಮ್ಮ ಯಜಮಾನ್ರು ಕೆಲಸದಿಂದ ಬಂದು ಮೊದಲ ಏನ ಮಾಡ್ತಾರ್ರಿ?" ಎಂದು ಗಿರಿಜಾಳನ್ನು ಕೇಳಿದರು. ಗಿರಿಜಾ ನನ್ನ ಮುಖ ನೋಡಿದಳು. ನಾನು, "ಸ್ನಾನಾ ಮಾಡ್ತಾರ" ಎಂದೆ. "ಅವರಿಗೆ ಯಾವ ಪಲ್ಯಾ ಸೇರ್ತೈತಿ?" ಗಿರಿಜಾ ನನ್ನ ಮುಖ ನೋಡಿದಳು. "ಎಣ್ಣೆಗಾಯಿ," ಎಂದೆ ನಾನು, ಪೂರ್ಣ ವಿಶ್ವಾಸದಿಂದ.

ಖಲೀಲ್ ಸಾಹೇಬರು ಪೆನ್ನು ಕೆಳಗಿಟ್ಟರು. "ಸಾಹೇಬ್ರ, ಕೆಳಗ ಪುಸ್ತಕದಂಗಡಿ ಭಾಳ ಛಲೋ ಐತಿ. ನೋಡಿ ಬರ್ರಿ."

ಇಷ್ಟು ಸಭ್ಯವಾಗಿ ನನ್ನನ್ನು ಯಾರೂ ಹೊರಗೆ ಹಾಕಿರಲಿಲ್ಲ. ಕೆಳಗಿಳಿಯಲು ಮನಸ್ಸಾಗದೆ ಮೆಟ್ಟಿಲ ಮೇಲೇ ನಿಂತೆ. ಮೊದಲು ಕೂಲರಿನ ಸದ್ದು ಮಾತ್ರ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಒಂದು ಹೆಣ್ಣು ದನಿ ತಡೆಯಿಲ್ಲದೆ ಮಾತಾಡತೊಡಗಿತು, ನಡುವೆ ಜೋರಾಗಿ ನಕ್ಕಿತು. ಒಳಗೆ ಬೇರೆ ಯಾರೋ ಗಿರಾಕಿ ಬಂದಿರಬೇಕು, ಇನ್ನೊಂದು ಬಾಗಿಲು ಇದ್ದೀತು ಎಂದು ನಾನು ಯೋಚಿಸಿದ್ದು ನಿಜ. ನಮ್ಮ ಗಿರಿಜಾ ಹಾಗೆ ನಗುತ್ತಾಳೆಂದು ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಇದ್ದ ನನಗೆ ತಿಳಿದಿರಲಿಲ್ಲ.

ಒಳಗೆ ಕರೆದ ಮೇಲೆ ತಿಳಿಯಿತು: ಮಲ್ಲಿನಾಥರು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದವರು ಮೊದಲು ಸ್ನಾನ ಮಾಡುವುದಿಲ್ಲ, ಷೂ ಕೂಡ ಬಿಚ್ಚದೆ ಇವಳಿಗೆ ಫೋನು ಮಾಡುತ್ತಾರೆ. ಆಗ ನಮಗಿಲ್ಲಿ ಸಂಜೆ. ಇವಳು ಕಾಯಿಪಲ್ಯ ಸೋಸುತ್ತ ಕೂರುತ್ತಾಳೆ, ಅವರು ಅಲ್ಲಿ ಒಲೆ ಹಚ್ಚುತ್ತಾರೆ. ಇನ್ನು ಎಣ್ಣೆಗಾಯಿ ಅವರಿಗೆ ಸೇರುವುದೇ ಇಲ್ಲವಂತೆ. ಅವತ್ತು ಎರಡು ಸಲ ಹಾಕಿಸಿಕೊಂಡದ್ದು ಇವಳು ಮತ್ತೆ ಬಂದು ಬಡಿಸಲಿ ಎಂದು.

ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಹೇಳಿದರೆ ಅವಳು ಅಕ್ಕಿ ಆರಿಸುತ್ತಲೇ, "ನಿಮ್ಮ ಮನಿತನಕ್ಕ ನಡುವ ನಿಲ್ಲೋ ಚಟ ಇವತ್ತಿಂದಲ್ರಿ. ನಮ್ಮ ಮದಿವಿ ಫೋಟೋದಾಗೂ ನನ್ನ ಬಾಜೂಕ ನಿಮ್ಮ ಕಾಕಾ ನಿಂತಾರ" ಎಂದಳು.

ಮಲ್ಲಿನಾಥರು ಮತ್ತೆ ರಜೆ ಹಾಕಿ ಬಂದರು. ಖಲೀಲ್ ಸಾಹೇಬರ ಅಪ್ಪಣೆ ಇಷ್ಟೇ: "ಮಾಮೂಲಿ ಹೆಂಗ ಇರ್ತೀರೋ ಹಂಗ ಇರ್ರಿ. ಆಗ ಫೋಟೋ ತೆಗೀರಿ. ನಾಟಕಾ ಬ್ಯಾಡ." ಛಾಯಾಗ್ರಾಹಕನ ಹುದ್ದೆಗೆ ನನ್ನನ್ನು ನೇಮಿಸಲಾಯಿತು, ಕ್ಯಾಮೆರಾ ಹಿಡಿದವನು ಚಿತ್ರದೊಳಗೆ ಬರಲಾರ ಎಂಬುದೇ ನೇಮಕಾತಿಯ ಗುಟ್ಟು.

ಮಾಮೂಲಾಗಿರುವುದು ಎಷ್ಟು ಕಷ್ಟವೆಂದು ಹುಸೇನ್ ಸಾಗರದ ದಂಡೆಯ ಮೇಲೆ ಗೊತ್ತಾಯಿತು. ಇಬ್ಬರೂ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಕೈಕಟ್ಟಿ ನಿಂತರು. ನಡುವೆ ಒಂದಾಳಿನ ಜಾಗ. ಒಡಹುಟ್ಟಿದ ತಂಗಿಗೆ "ಹತ್ತರ ಸರೀವಾ, ಇನ್ನೂ ಹತ್ತರ" ಎಂದು ಬೀದಿಯಲ್ಲಿ ಕೂಗಿ ಹೇಳುವ ಯೋಗ ಯಾವ ಅಣ್ಣನಿಗೂ ಬಾರದಿರಲಿ. "ಅಣ್ಣಾರ, ನೀವರೆ ಆಕಡಿ ಮಾರಿ ಮಾಡ್ರಿ" ಎಂದರು ಮಲ್ಲಿನಾಥ, ಬೆವರು ಒರೆಸಿಕೊಳ್ಳುತ್ತ. ಆ ಕಡೆ ಮುಖ ಮಾಡಿ ಫೋಟೋ ತೆಗೆಯುವ ಕಲೆ ಇನ್ನೂ ಯಾರಿಗೂ ಬಂದಿಲ್ಲ.

ಸೋತು ಸುಣ್ಣವಾಗಿ ಸಿಕಂದರಾಬಾದಿನ ಒಂದು ಇರಾನಿ ಹೋಟೆಲಿಗೆ ಹೋಗಿ ಕೂತೆವು. ಚಹಾ ಬಂತು. ಮಲ್ಲಿನಾಥರು ಉಸ್ಮಾನಿಯಾ ಬಿಸ್ಕೀಟಿನ ಪಾಕೀಟನ್ನು ಕೈಗೆತ್ತಿಕೊಂಡರು. ಬ್ರೆಡ್ ಕಾರ್ಖಾನೆಯವರಲ್ಲವೇ, ಏನೇನು ಹಾಕಿದ್ದಾರೆಂದು ನೋಡುವ ಚಟ. ಸಣ್ಣ ಅಕ್ಷರ. ಪಾಕೀಟನ್ನು ದೂರ ಹಿಡಿದರು, ಹತ್ತಿರ ಹಿಡಿದರು; ಕನ್ನಡಕ ಮನೆಯಲ್ಲಿ ಮರೆತಿದ್ದರು. ಗಿರಿಜಾ ಒಂದು ಕೈಯಲ್ಲಿ ಕಪ್ಪು ಹಿಡಿದುಕೊಂಡೇ ಇನ್ನೊಂದು ಕೈಯಿಂದ ತನ್ನ ಕನ್ನಡಕ ತೆಗೆದು, ಕೈ ಚಾಚಿ, ಅವರ ಕಿವಿಗೆ ಸಿಕ್ಕಿಸಿದಳು. ಈಗ ಅವಳಿಗೆ ಕಾಣದು. ಅದಕ್ಕೆ ಅವರು ಅವಳಿಗೆ ಕೇಳುವಂತೆ ಗಟ್ಟಿಯಾಗಿ ಓದತೊಡಗಿದರು: ಮೈದಾ, ಸಕ್ಕರೆ, ಬೆಣ್ಣೆ, ಉಪ್ಪು. ಅವಳು ಮಂಜುಗಣ್ಣು ಮಾಡಿಕೊಂಡು ಅವರತ್ತ ತಿರುಗಿ ಕೂತಿದ್ದಳು.

ನಾನು ಫೋನನ್ನು ಜೇಬಿಗೆ ಹಾಕಲು ಹೊರಟಿದ್ದವನು, ಏನೆನ್ನಿಸಿತೋ, ಒತ್ತಿಬಿಟ್ಟೆ. ಚಿತ್ರ ಓರೆಯಾಗಿ ಬಂತು. ಮೂಲೆಯಲ್ಲಿ ಚಹಾ ತರುವವನ ಮೊಳಕೈ.

ಖಲೀಲ್ ಸಾಹೇಬರು ಅದನ್ನು ನೋಡಿ ಕೇಳಿದರು: "ಇದು ಯಾರು ತೆಗದದ್ದು?"

"ನಾನ."

"ನೀವು ಎಲ್ಲಿದೀರಿ ಇದರಾಗ?"

"ನಾ ಇಲ್ರಿ."

"ಅದಕ್ಕ ಛಲೋ ಬಂದೈತಿ," ಎಂದರು.

ಮದುವೆಯ ಚಿತ್ರಗಳನ್ನೂ ಅವರು ಬಿಡಲಿಲ್ಲ. ನಮ್ಮ ಪದ್ಧತಿಯನ್ನು ವಿವರಿಸಿ, ನಡುವೆ ನಿಂತವನು ವಧುವಿನ ಅಣ್ಣನೆಂದೂ, ಗೌರವಾರ್ಥ ನಿಲ್ಲಿಸಲಾಗಿದೆಯೆಂದೂ ಬರೆದು ಕಳಿಸಿದರು. ಹೀಗಾಗಿ ನಾನು ಇಂದಿಗೂ ಕೆನಡಾ ಸರಕಾರದ ದಫ್ತರಿನಲ್ಲಿ ಗೌರವಾರ್ಥ ನಿಂತಿದ್ದೇನೆ.

ತಿಂಗಳುಗಳು ಉರುಳಿದ ಮೇಲೆ ಅಧಿಕಾರಿಯ ಫೋನು ಬಂತು. ನಾನು ಪಕ್ಕದಲ್ಲಿ ಕೂರಲು ಕುರ್ಚಿ ಎಳೆದೆ. ಗಿರಿಜಾ, "ಅಣ್ಣಾ, ನಾನ ಮಾತಾಡ್ತೀನಿ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಹೊರಗೆ ನಾವು ಗಂಡ ಹೆಂಡತಿ ಹೆರಿಗೆ ಕೋಣೆಯ ಮುಂದೆ ಕೂತವರ ಹಾಗೆ ಕೂತೆವು. ಬಾಗಿಲು ತೆರೆದಾಗ ಅವಳ ಮುಖದಿಂದ ಏನೂ ತಿಳಿಯಲಿಲ್ಲ.

"ಏನ ಕೇಳಿದ್ರ ಗಿರಿಜಾ?" ಎಂದಳು ನನ್ನ ಹೆಂಡತಿ.

"ಆ ಹೋಟೆಲ್ ಫೋಟೋದಾಗ ಅವರು ಏನ ಓದಾಕತ್ತಿದ್ರು ಅಂತ ಕೇಳಿದ್ರು ನೋಡ್ರಿ ವೈನಿ."

"ಮೈದಾ, ಸಕ್ಕರಿ ಅಂತ ಹೇಳಿದಿಲ್ಲೋ?" ಎಂದೆ ನಾನು ಆತುರದಿಂದ.

"ನೆನಪಿಲ್ಲ ಅಂದೆ. ನಾ ಅವರ ದನಿ ಕೇಳಕೋತ ಕುಂತಿದ್ದೆ ಅಂತ ಹೇಳಿದೆ." ಇಷ್ಟು ಹೇಳಿ, ಒಲೆಯ ಮೇಲಿನ ಹಾಲು ನೋಡಲು ಹೋದಳು.

ವೀಸಾ ಬಂತು. ಅವಳು ಹೋದಳು. ಹೊರಡುವ ದಿನ ಖಲೀಲ್ ಸಾಹೇಬರು ಮನೆಗೇ ಬಂದು ಒಂದು ಡಬ್ಬಿ ಸಿಹಿ ಕೊಟ್ಟು, "ಅಕ್ಕಾರ, ಅಲ್ಲಿ ಥಂಡಿ ಭಾಳ. ಕಿವಿ ಮುಚ್ಚಿಕೋರಿ" ಎಂದು ವೃತ್ತಿಪರ ಸಲಹೆ ನೀಡಿದರು. ಸಂಜೆ ಕಾಯಿಪಲ್ಯ ಸೋಸುತ್ತ ಫೋನಿನಲ್ಲಿ ಗುನುಗುವ ದನಿಯಿಲ್ಲದೆ ನಮ್ಮ ಅಡಿಗೆಮನೆ ಕೆಲವು ದಿನ ಬಹಳ ದೊಡ್ಡದಾಗಿ ಕಂಡಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಇವತ್ತು ಸಂಜೆ ನಾನೇ ಗಿರಿಜಾಗೆ ಫೋನು ಮಾಡಿದೆ. ಅಲ್ಲಿ ಬೆಳಿಗ್ಗೆ. ನನ್ನ ಮೊಣಕಾಲು ನೋವಿನ ಸವಿಸ್ತಾರ ವರದಿಯನ್ನು ಆರಂಭಿಸಿದ್ದೆ. ಎಡಗಾಲು ಮುಗಿದು ಬಲಗಾಲಿಗೆ ಬರುತ್ತಿದ್ದೆ. ಅವಳು "ಹೂಂ, ಹೂಂ" ಎನ್ನುತ್ತಿದ್ದಳು. ಆ ತುದಿಯಲ್ಲಿ ಬಾಗಿಲು ತೆರೆದ ಸದ್ದು. "ಅಣ್ಣಾ, ಅವರು ಬಂದ್ರು. ನಾಳೆ ಮಾತಾಡ್ತೀನಿ, ಹಾಂ?" ಎಂದವಳೇ ಫೋನು ಇಟ್ಟುಬಿಟ್ಟಳು.

ಹುಟ್ಟಿದಂದಿನಿಂದ ನನ್ನ ಮಾತನ್ನು ಅರ್ಧಕ್ಕೆ ಕಡಿದವಳಲ್ಲ. ಬಲ ಮೊಣಕಾಲು ಬಾಯಲ್ಲೇ ಉಳಿದಿತ್ತು. ಕಟ್ಟಾದ ಫೋನನ್ನು ಕೈಯಲ್ಲಿ ಹಿಡಿದು ಕೂತೆ. ಯಾಕೋ ಬಹಳ ಸಂತೋಷವಾಯಿತು. ಇಷ್ಟು ಗಟ್ಟಿ ಸಾಕ್ಷಿ ಆಗ ನಮ್ಮ ಕೈಗೆ ಸಿಕ್ಕಿದ್ದರೆ ಖಲೀಲ್ ಸಾಹೇಬರಿಗೆ ಎಷ್ಟು ಕೆಲಸ ಕಡಿಮೆಯಾಗುತ್ತಿತ್ತು!

ಎದ್ದು ಪಡಸಾಲೆಗೆ ಹೋದೆ. ಹೆಂಡತಿ ಸೋಫಾದ ಒಂದು ತುದಿಯಲ್ಲಿ ಕೂತು ಟಿ.ವಿ. ನೋಡುತ್ತಿದ್ದಳು. ಹೋಗಿ ಅವಳಿಗೆ ಒತ್ತಿಕೊಂಡೇ ಕೂತೆ.

"ಏನಾತ್ರಿ?" ಎಂದಳು ಗಾಬರಿಯಿಂದ. "ನಿಮ್ಮ ಕುರ್ಚಿ ಅಲ್ಲೈತಲ್ಲ."

"ಇರಲಿ," ಎಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿ ಟಿ.ವಿ.ಯ ಸದ್ದು ಸ್ವಲ್ಪ ಕಡಿಮೆ ಮಾಡಿದಳು. ಸರಿಯಲಿಲ್ಲ.