ಅಕ್ಕ ಕಲಿಸಿದ ಸಹಿ

ಅಕ್ಕನ ಪರವಾಗಿ ಒಂದೇ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಹೋದ ವಾರ ವಿಜಯಪುರದ ಜೋರಾಪುರ ಪೇಟೆಯಲ್ಲಿ ಚಹಾ ಕುಡಿಯುವಾಗ, ಬಿಸಿಗೆ ನೆನೆದ ಕಾಗದದ ಕಪ್ಪಿನ ವಾಸನೆ ಮೂಗಿಗೆ ಬಡಿಯಿತು. ಅರ್ಧಕ್ಕೇ ಕೆಳಗಿಟ್ಟೆ.

ತಿಕೋಟಾ ಕಡೆಯ ನಮ್ಮೂರಿನ ಚಹಾದಂಗಡಿಯಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದರು. ಹೊರಗೇ ಕೂತು ಕುಡಿದು ನಾವೇ ತೊಳೆದಿಡಬೇಕು. ಆಮೇಲೆ ಕಾಗದದ ಕಪ್ಪು ಬಂತು. ಉಳಿದವರಿಗೆ ಗಾಜಿನ ಲೋಟ, ನಮಗೆ ಕಪ್ಪು. ತೊಳೆಯುವುದು ತಪ್ಪಿತಲ್ಲ ಎಂದು ನನಗೆ ಖುಷಿಯೇ ಆಗಿತ್ತು. ಅಕ್ಕ ಮಾತ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಗಾಜಿನ್ಯಾಗ ಕೊಡ್ರಿ.”

“ಇದು ಸ್ವಚ್ಛ ಇರ್ತೈತಿ, ತಗೋ ಬೇ,” ಎಂದ ಮಾಲೀಕ.

“ಸ್ವಚ್ಛ ಯಾರಿಗ್ರಿ?”

ಅಂದಿನಿಂದ ಅವಳು ಸುಮ್ಮನೆ ಕೂಡಲಿಲ್ಲ. ಬಬಲೇಶ್ವರದ ಕಡೆಯ ಹಳ್ಳಿಗಳಿಗೂ ಹೋಗಿ, ಹೋಟೆಲಿನ ಒಳಗಿನ ಬೆಂಚಿನ ಮೇಲೆ ಕೂತು ಗಾಜಿನ ಲೋಟ ಕೇಳುತ್ತಿದ್ದಳು. ಕೊಡದಿದ್ದರೆ ತಹಶೀಲ್ದಾರರಿಗೆ ಅರ್ಜಿ. ಯಾರೋ ಹಿಂದೆ ನಿಂತು ಕುಣಿಸುತ್ತಿದ್ದಾರೆ ಎಂದು ನನಗೆ ಅನುಮಾನ. ಒಮ್ಮೆ ಅವಳ ಚೀಲ ಜಾಲಾಡಿದೆ. ಬಾಚಣಿಗೆ, ಅರ್ಜಿಗಳು, ತಿನ್ನಲು ಒಂದು ಚುನಮರಿ ಪೊಟ್ಟಣ. ಚುನಮರಿ ಯಾರು ಕೊಡಿಸಿರಬಹುದು ಎಂದೂ ಯೋಚಿಸಿದೆ...

ಕೊನೆಗೆ ವಿಚಾರಣೆಗೆ ಸಾಹೇಬರು ನಮ್ಮೂರಿಗೇ ಬಂದರು. ಅಂದು ಅಂಗಡಿಯಲ್ಲಿ ಗಾಜಿನ ಲೋಟಗಳೇ ಇರಲಿಲ್ಲ. ಊರ ಗೌಡರ ಕೈಯಲ್ಲೂ ಕಾಗದದ ಕಪ್ಪು!

“ಮೊದಲಿಂದ ಹಿಂಗ ಏನು?” ಸಾಹೇಬರು ನನ್ನನ್ನೇ ಕೇಳಿದರು.

ಮಾಲೀಕ ನನ್ನ ಮುಖ ನೋಡಿದ. ನಾನು ಅವನದೇ ದ್ರಾಕ್ಷಿ ತೋಟದ ಆಳು.

“ಹೌದ್ರಿ ಸಾಹೇಬ್ರ, ಎಲ್ಲಾರಿಗೂ ಒಂದ,” ಎಂದೆ. ತೋರಿಸಿದಲ್ಲಿ ಸಹಿ ಹಾಕಿದೆ. ಅಕ್ಕನ ಅರ್ಜಿ ಬಿದ್ದುಹೋಯಿತು. ಮರುದಿನ ಗಾಜಿನ ಲೋಟಗಳು ಮತ್ತೆ ಹೊರಬಂದವು.

ಸಹಿ ಹಾಕಿದ ದಿನ ಮನೆಗೆ ಬರುವಾಗ ಅಕ್ಕ ಹೇಳಿದ್ದು ಇಷ್ಟೇ: “ಸಹಿ ಚಂದ ಆಗೇತಿ, ತಮ್ಮಾ.”

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ, ನೆಲದ ಮೇಲೆ ಇದ್ದಿಲಿನಿಂದ ಹೆಸರು ಬರೆಯಲು ಕಲಿಸಿದವಳೇ ಅವಳು. ಅದು ಚುಚ್ಚುಮಾತೋ, ನಿಜವಾದ ಮಾತೋ... ಅದರಲ್ಲೂ ನನಗೆ ಅನುಮಾನ. ಕೇಳಲಿಲ್ಲ. ಹೋದ ವರ್ಷ ಕಾಮಾಲೆಯಾಗಿ ಅವಳು ತೀರಿಕೊಂಡಳು.

ಜೋರಾಪುರ ಪೇಟೆಯಿಂದ ಬಂದವನು ನೇರ ಊರಿನ ಅಂಗಡಿಗೆ ಹೋದೆ. ಮೊದಲ ಸಲ ಒಳಗಿನ ಬೆಂಚಿನ ಮೇಲೆ ಕೂತೆ.

“ಗಾಜಿನ್ಯಾಗ ಕೊಡ್ರಿ.”

“ಏನಪಾ, ಅಕ್ಕನ ರೋಗ ನಿನಗೂ ಬಡದೈತೇನು?” ಎಂದ ಮಾಲೀಕ. ಕೂತವರು ನಕ್ಕರು.

ಅದೇ ಬೆಂಚಿನ ಬಾಗಿಲ ಕಡೆಯ ತುದಿಯಲ್ಲಿ ಅಕ್ಕ ಕೂಡುತ್ತಿದ್ದ ಜಾಗ ಖಾಲಿ ಇತ್ತು. ಅತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ:

“ಅಕ್ಕಾ, ಅವತ್ತ ನಾ ಸುಳ್ಳಿಗಿ ಸಹಿ ಹಾಕೀನಿ. ತಪ್ಪಾತ ಬೇ.”