ಎದುರಂಗಡಿಯ ಸೊಸೆ

ಮಾರ್ಗೆ ಮನೆಯ ಸೊಸೆ ಸೊಲಾಂಜ್ ಎದುರಿನ ಅಂಗಡಿಗೆ ಕೆಲಸಕ್ಕೆ ಸೇರಿದಾಗ, ಅವಳು ಗಂಡನನ್ನೇ ಬಿಟ್ಟಳು ಅಂತ ಊರಿನವರು ಅಂದುಕೊಂಡರು. ಅವಳು ಬಿಟ್ಟದ್ದು ಗಂಡನ ಅಂಗಡಿಯನ್ನು ಮಾತ್ರ. ಬೆಳಿಗ್ಗೆ ಗಂಡನ ಮನೆಯ ಮೆಟ್ಟಿಲಿಳಿದು ಚೌಕ ದಾಟಿ ಪೆರ್ನೆಯ ಅಂಗಡಿಗೆ ಹೋಗುವಳು, ಸಂಜೆ ಅದೇ ಚೌಕ ದಾಟಿ ಅದೇ ಮೆಟ್ಟಿಲು ಹತ್ತುವಳು. ಎರಡೂ ಹಂದಿಮಾಂಸದ ಅಂಗಡಿಗಳೇ. ನಡುವೆ ಒಂದು ಕಾರಂಜಿ, ಸಂತೆಯ ದಿನ ತರಕಾರಿಯವರು ಕೂರುವ ಕಲ್ಲುಹಾಸು. ಮಾರ್ಗೆ ಅಂಗಡಿಯ ಮೇಲಿನ ಕಿಟಕಿಯಲ್ಲಿ ಅತ್ತೆ ಲಿಯೋಂತಿನ್ ಕೂತು, ಸೊಸೆ ಹೋಗುವುದನ್ನೂ ಬರುವುದನ್ನೂ ಕಣ್ಣು ಮಿಟುಕಿಸದೆ ನೋಡುವಳು.

ಸೊಲಾಂಜ್ ಜುರಾ ಬೆಟ್ಟದ ಮೇಲಿನ ಹಳ್ಳಿಯವಳು. ಅಪ್ಪ ಹಳ್ಳಿಯ ಹಾಲನ್ನೆಲ್ಲ ಒಟ್ಟುಮಾಡಿ ಚಕ್ಕಡಿ ಗಾಲಿಯಷ್ಟು ದೊಡ್ಡ ಚೀಸ್ ಕಟ್ಟುತ್ತಿದ್ದವನು. ಹಂದಿ ಕೊಳ್ಳಲು ಬೆಟ್ಟಕ್ಕೆ ಬರುತ್ತಿದ್ದ ರೆಮೋಂ ಮಾರ್ಗೆಗೆ ಹಂದಿಗಿಂತ ಹುಡುಗಿ ಹಿಡಿಸಿದಳು. ಮದುವೆಯಾಗಿ ಕೆಳಗಿನ ಊರಿಗೆ ಬಂದ ದಿನ ಅವಳು ಅತ್ತೆಯನ್ನು ಅಮ್ಮ ಅಂತ ಕರೆದಳು.

"ಅಮ್ಮ ಅನ್ನಬೇಡ," ಅಂದಳು ಲಿಯೋಂತಿನ್. "ನಾನು ಹೆತ್ತಿರೋದು ಒಬ್ಬನನ್ನೇ. ಗಿರಾಕಿಗಳು ಕರೀತಾರಲ್ಲ, ಮದಾಮ್ ಅಂತ, ಹಾಗೇ ಕರಿ."

ಅಲ್ಲಿಂದ ಮುಂದೆ ಸೊಲಾಂಜ್ ಬಾಯಲ್ಲಿ ಅತ್ತೆ ಮದಾಮ್ ಆದಳು. ಆ ಮಾತಿಗೆ ಎಷ್ಟು ತಣ್ಣಗಿನ ದನಿ ಹಾಕಬಹುದೋ ಅಷ್ಟನ್ನೂ ಅವಳು ವರ್ಷದಿಂದ ವರ್ಷಕ್ಕೆ ಕಲಿತಳು.

ಮಾರ್ಗೆ ಅಂಗಡಿಗೆ ಹೆಸರು ಬಂದದ್ದೇ ಭಾನುವಾರದ ಫಿಲೆಯಿಂದ. ಹಂದಿಯ ಬೆನ್ನುಮೂಳೆಯ ಒಳಬದಿಗೆ ಅಂಟಿಕೊಂಡ ಉದ್ದನೆಯ ಮೆದು ಮಾಂಸ, ಇಡೀ ಹಂದಿಯಲ್ಲಿ ಇರುವುದೇ ಎರಡು ತುಂಡು. ಅದನ್ನು ಬೆಣ್ಣೆಯಲ್ಲಿ ಸುತ್ತಲೂ ಕೆಂಪಗೆ ಬಾಡಿಸಿ, ಸಾಸಿವೆ ಸವರಿ, ನೀರಾರುವವರೆಗೆ ಹುರಿದ ಸಣ್ಣ ಅಣಬೆ ಚೂರು ಹರಡಿ, ಪದರಪದರವಾಗಿ ಏಳುವ ಪಫ್ ಹಿಟ್ಟಿನಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿ ಓವನ್ನಿಗೆ ಹಾಕುವುದು. ಪೂಜೆ ಮುಗಿಸಿ ಇಗರ್ಜಿಯಿಂದ ಬಂದವರು ಬಿಸಿಬಿಸಿಯಾಗಿ ಕಾಗದದಲ್ಲಿ ಕಟ್ಟಿಸಿಕೊಂಡು ಮನೆಗೆ ಹೋಗುವರು. ಆ ಹಿಟ್ಟು ಲಿಯೋಂತಿನ್‌ದೇ ಆಗಬೇಕು. ವಿಧವೆಯಾದ ಮೇಲೆ ಅಂಗಡಿಯನ್ನು ಉಳಿಸಿಕೊಂಡವಳು ಅವಳು, ಉಳಿಸಿದ್ದು ಆ ಹಿಟ್ಟು.

ಸೊಸೆಗೆ ಹಿಂದಿನ ಅಡುಗೆಕೋಣೆಯಲ್ಲಿ ತಟ್ಟೆ ತೊಳೆಯುವ ಕೆಲಸ, ಮುಂದೆ ಗಿರಾಕಿಗಳಿಗೆ ತೂಗಿ ಕೊಡುವ ಕೆಲಸ. ಹಿಟ್ಟು ನಾದುವ ಅಮೃತಶಿಲೆಯ ಹಲಗೆಯ ಹತ್ತಿರ ಸುಳಿಯುವ ಹಾಗಿರಲಿಲ್ಲ.

"ಅವಳ ಕೈಗೆ ಹಾಲಿನ ಹುಳಿ ವಾಸನೆ. ಎಷ್ಟು ತೊಳೆದರೂ ಹೋಗಲ್ಲ," ಅಂತ ಲಿಯೋಂತಿನ್ ಗಿರಾಕಿಗಳಿಗೆ ಕೇಳುವಂತೆಯೇ ಹೇಳುವಳು.

ರೆಮೋಂ ಒಳ್ಳೆಯವನು, ಊರೇ ಹಾಗನ್ನುತ್ತಿತ್ತು. ಮಾಂಸ ಕಡಿಯುವುದರಲ್ಲಿ ಅವನಂಥ ಕೈ ಸುತ್ತಮುತ್ತ ಯಾರಿಗೂ ಇರಲಿಲ್ಲ. ಆದರೆ ಅಮ್ಮನ ದನಿ ಏರಿದ ಕೂಡಲೇ ಅವನು ಕೀಮಾ ಯಂತ್ರ ಚಾಲೂ ಮಾಡುವನು. ಅದರ ಗರಗರ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಸೊಲಾಂಜ್ ಒಮ್ಮೆ ಅಂದಳು: "ಈ ಮನೇಲಿ ಇಷ್ಟೊಂದು ಕೀಮಾ ಯಾಕೆ ಆಗತ್ತೆ ಅಂತ ಜನ ಕೇಳ್ತಾರೆ, ರೆಮೋಂ. ಏನು ಹೇಳಲಿ?" ಅವನು ನಕ್ಕ. ಅವಳು ನಗಲಿಲ್ಲ.

ಹಿಟ್ಟು ಮಾತ್ರ ಅವಳು ಕಲಿತೇಬಿಟ್ಟಳು. ತಟ್ಟೆ ತೊಳೆಯುತ್ತ ಓರೆಗಣ್ಣಲ್ಲಿ ನೋಡುವುದು, ಅಂಗಡಿಗೆ ರಜೆಯ ಸೋಮವಾರ ಬೆಟ್ಟಕ್ಕೆ ಹೋಗಿ ಅಪ್ಪನ ಮನೆಯ ತಣ್ಣನೆಯ ನೆಲಮಾಳಿಗೆಯಲ್ಲಿ ಮಾಡಿನೋಡುವುದು. ಬೆಣ್ಣೆ ಅವಳು ಹುಟ್ಟಿದಾಗಿನಿಂದ ಬಲ್ಲ ವಸ್ತು. ಯಾವಾಗ ಅದು ಗಟ್ಟಿ, ಯಾವಾಗ ಮೇಣ, ಯಾವಾಗ ಕೈ ಬಿಟ್ಟುಹೋಗುತ್ತದೆ ಅನ್ನುವುದು ಬೆರಳಿಗೇ ಗೊತ್ತಿತ್ತು. ಲಟ್ಟಿಸಿ, ಮಡಿಸಿ, ತಣ್ಣಗೆ ಮಲಗಿಸಿ, ಮತ್ತೆ ಲಟ್ಟಿಸಿ. ಹಾಳಾದದ್ದನ್ನೆಲ್ಲ ಅಪ್ಪ ಮಾತಾಡದೆ ತಿಂದು ಮುಗಿಸಿದ.

ಒಂದು ಚಳಿಗಾಲ ಲಿಯೋಂತಿನ್ ಹಿಮಗಟ್ಟಿದ ಹಿಂಬಾಗಿಲ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಕ್ರಿಸ್‌ಮಸ್ ಹತ್ತಿರವಿತ್ತು, ಊರಿನ ಅರ್ಧ ಜನ ಫಿಲೆಗೆ ಹೇಳಿಟ್ಟಿದ್ದರು. ಬೇರೆ ದಾರಿ ಇರಲಿಲ್ಲ. ಸೊಲಾಂಜ್ ಅಂಗಿಯ ತೋಳು ಮಡಿಸಿ ಅಮೃತಶಿಲೆಯ ಮುಂದೆ ನಿಂತಳು. ಲಿಯೋಂತಿನ್ ಕೈಗೆ ಪಟ್ಟಿ ಕಟ್ಟಿಕೊಂಡು ಹಿಂದೆ ಕುರ್ಚಿ ಹಾಕಿ ಕೂತು, ಒಂದೊಂದು ಮಡಿಕೆಗೂ "ಹರಿಯಿತು," "ಹೋಯಿತು," ಅಂತ ಅನ್ನುತ್ತಲೇ ಇದ್ದಳು. ಹರಿಯಲೂ ಇಲ್ಲ, ಹೋಗಲೂ ಇಲ್ಲ. ಹಬ್ಬ ಮುಗಿದ ಮೇಲೆ ಔಷಧಿ ಅಂಗಡಿಯವನ ಹೆಂಡತಿ ಬಂದು, "ಈ ಸಲ ಹೊದಿಕೆ ಎಷ್ಟು ಹಗುರವಾಗಿತ್ತು ಮದಾಮ್, ಬಾಯಲ್ಲಿ ಇಟ್ಟರೆ ಕರಗಿಹೋಯ್ತು," ಅಂದಳು.

ಲಿಯೋಂತಿನ್ ಮುಖದಲ್ಲಿ ಗೆರೆ ಅಲುಗಲಿಲ್ಲ. ಆದರೆ ಅಂದು ಊಟಕ್ಕೆ ಕೆಳಗೆ ಬರಲಿಲ್ಲ.

ಮಣಿಕಟ್ಟು ಕೂಡಿತು, ಬಲ ಮಾತ್ರ ಹಿಂದಿನಂತೆ ಬರಲಿಲ್ಲ. ವಸಂತ ಬಂದರೂ ಹಿಟ್ಟು ಸೊಸೆಯ ಕೈಯಲ್ಲೇ ಉಳಿಯಿತು. ಮೇ ತಿಂಗಳಲ್ಲಿ ಮಕ್ಕಳು ಮೊದಲ ಪ್ರಸಾದ ಸ್ವೀಕರಿಸುವ ಭಾನುವಾರ, ಮನೆಮನೆಯಲ್ಲೂ ನೆಂಟರ ಊಟ. ಸೊಲಾಂಜ್ ಬೆಳಿಗ್ಗೆ ಎದ್ದು ಫಿಲೆಗಳನ್ನೆಲ್ಲ ಬಾಡಿಸಿ, ಆರಲಿ ಅಂತ ಹಿಂದಿನ ಕಿಟಕಿಯ ಬಳಿ ಹರವಿಟ್ಟು, ಮುಂದೆ ಗಿರಾಕಿಗಳನ್ನು ನೋಡಿಕೊಳ್ಳಲು ಹೋದಳು. ಮಾಂಸ ಪೂರ್ತಿ ತಣ್ಣಗಾಗದೆ ಸುತ್ತಿದರೆ ಹಬೆಗೆ ಬೆಣ್ಣೆ ಕರಗಿ ಹಿಟ್ಟು ತಳದಲ್ಲಿ ಅಂಟಾಗುತ್ತದೆ. ಇದು ಆ ಮನೆಯ ಗೋಡೆಗೂ ಗೊತ್ತು.

ವಾಪಸು ಬಂದಾಗ ಕಿಟಕಿಯ ಬಳಿ ತಟ್ಟೆಗಳು ಖಾಲಿ. ಓವನ್ ಉರಿಯುತ್ತಿತ್ತು.

"ಯಾರು ಸುತ್ತಿದ್ದು?" ಅಂತ ಕೇಳಿದಳು.

"ಹೊತ್ತಾಯ್ತು, ಸುತ್ತಿಬಿಡು ಅಂತ ಅಮ್ಮ ಅವಸರ ಮಾಡಿದ್ರು," ಅಂದ ರೆಮೋಂ.

"ಬಿಸಿ ಇತ್ತಲ್ಲ?"

"ಸ್ವಲ್ಪ ಇತ್ತು."

"ನೀನೂ ಸುತ್ತಿದೆ."

ಅವನು ಕೀಮಾ ಯಂತ್ರದ ಕಡೆ ನೋಡಿದ. ಭಾನುವಾರ ಅದಕ್ಕೆ ಹಾಕಲು ಏನೂ ಇರಲಿಲ್ಲ.

ಪೂಜೆ ಮುಗಿದು ಅಂಗಡಿ ತುಂಬಿತು. ಬಿಳಿ ಉಡುಪಿನ ಹೆಣ್ಣುಮಕ್ಕಳು, ಟೋಪಿ ಹಾಕಿದ ಅಜ್ಜಿಯರು. ಲಿಯೋಂತಿನ್ ಎಂದಿನಂತೆ ಮೂಲೆಯಲ್ಲಿ ಕೂರದೆ ಗಲ್ಲಾಪೆಟ್ಟಿಗೆಯ ಹಿಂದೆ ಬಂದು ನಿಂತಳು. ಮೊದಲ ಫಿಲೆಯನ್ನು ಎಲ್ಲರ ಎದುರಿಗೆ ತಲೆಕೆಳಗು ಮಾಡಿದಳು. ತಳ ಬೆಳ್ಳಗೆ, ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅವಳು ಅದಕ್ಕೆ ಚಾಕು ಚುಚ್ಚಿ ಎತ್ತಿ ತೋರಿಸಿದಳು.

"ನೋಡಿ. ಮಾರ್ಗೆ ಹೆಸರು ಹಾಕಿ ಇದನ್ನ ನಾನು ಮಾರಲ್ಲ. ಚೀಸಿನವರ ಮನೆ ಹುಡುಗಿಗೆ ಹಿಟ್ಟು ಕೊಟ್ಟ ತಪ್ಪು ನಂದು. ನಿಮ್ಮ ಹಬ್ಬ ಕೆಡಿಸಿದ್ದಕ್ಕೆ ಕ್ಷಮಿಸಿ."

ಅಂಗಡಿಯ ಹೆಸರು ಮಣ್ಣುಪಾಲಾದರೂ ಸರಿ, ಸೊಸೆಗೆ ಹೆಸರು ಬರಬಾರದು. ಅಷ್ಟು ದೂರ ಹೋಗಿತ್ತು ಆ ಹೆಂಗಸಿನ ಹಟ.

ಸೊಲಾಂಜ್ ಅತ್ತೆಯನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಅವನು ಅಡುಗೆಕೋಣೆಯ ಬಾಗಿಲಲ್ಲಿ ಕೈವಸ್ತ್ರ ಹಿಡಿದು ನಿಂತಿದ್ದ. ಒಂದು ಮಾತು, ಬಿಸಿ ಇದ್ದಾಗ ಸುತ್ತಿದ್ದು ನಾನು ಅನ್ನುವ ಒಂದೇ ಮಾತು. ಅವನು ಕೈವಸ್ತ್ರವನ್ನು ಮಡಿಸಿದ, ಮತ್ತೆ ಬಿಡಿಸಿದ, ಮತ್ತೆ ಮಡಿಸಿದ.

ಮಂಗಳವಾರ ಅಂಗಡಿ ತೆರೆದಾಗ ಸೊಲಾಂಜ್ 'ಮಾರ್ಗೆ' ಅಂತ ಕಸೂತಿ ಹಾಕಿದ ಏಪ್ರನ್ ಬಿಚ್ಚಿ ತಕ್ಕಡಿಯ ಮೇಲಿಟ್ಟು ಚೌಕ ದಾಟಿದಳು.

ಅಶಿಲ್ ಪೆರ್ನೆ ದಪ್ಪ ಮೀಸೆಯ ಕುಳ್ಳ. ಅವನ ಸಾಸೇಜಿನಲ್ಲಿ ಮಾಂಸಕ್ಕಿಂತ ಬ್ರೆಡ್ಡೇ ಜಾಸ್ತಿ ಅಂತ ಲಿಯೋಂತಿನ್ ಊರೆಲ್ಲ ಸಾರಿದ್ದಳು. ಅವನು ಬಾಗಿಲಲ್ಲೇ ತಡೆದ.

"ಏನಮ್ಮ, ಮುದುಕಿ ಬೇಹುಗಾರಿಕೆಗೆ ಕಳಿಸಿದ್ಲಾ? ಬ್ರೆಡ್ಡು ಎಲ್ಲಿಟ್ಟಿದ್ದೀನಿ ಅಂತ ನೋಡ್ಕೊಂಡು ಬಾ ಅಂದಳಾ?"

"ಕೆಲಸ ಇದ್ರೆ ಕೊಡಿ. ಹಿಟ್ಟಿನ ಕೆಲಸ."

"ಭಾನುವಾರದ ಕತೆ ನಾನೂ ಕೇಳಿದೆ. ತಳ ಒದ್ದೆ ಅಂತೆ."

"ಒದ್ದೆನೇ ಆಗಿತ್ತು. ಬೆಣ್ಣೆ ಎಲ್ಲಿದೆ ತೋರಿಸಿ, ಸಂಜೆ ತಿಂದು ಆಮೇಲೆ ಆಡ್ಕೊಳ್ಳಿ."

ಸಂಜೆ ಪೆರ್ನೆ ತಿಂದ. ಆಡಿಕೊಳ್ಳಲಿಲ್ಲ. ಮರುವಾರ ಕಿಟಕಿಯ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ: ಹೊದಿಕೆಯ ಫಿಲೆ, ಪ್ರತಿ ಭಾನುವಾರ. ಚೌಕದ ಆಚೆ ಬದಿಯ ಕಿಟಕಿಗೆ ಕನ್ನಡಕವಿಲ್ಲದೆ ಓದಲು ಸಿಗುವಷ್ಟು ದೊಡ್ಡದಾಗಿ.

ಮನೆ ಮಾತ್ರ ಒಂದೇ. ಒಂದೇ ಮೇಜು, ಒಂದೇ ಸೂಪಿನ ಪಾತ್ರೆ. ಲಿಯೋಂತಿನ್ ಸೊಸೆಯ ಜೊತೆ ನೇರ ಮಾತು ಬಿಟ್ಟಳು.

"ರೆಮೋಂ, ಎದುರಂಗಡಿಯವರಿಗೆ ಹೇಳು, ಉಪ್ಪು ಈ ಕಡೆ ಸರಿಸೋಕೆ."

"ರೆಮೋಂ, ಮದಾಮ್‌ಗೆ ಹೇಳು, ಉಪ್ಪು ಅವರ ಮೊಣಕೈ ಹತ್ರಾನೇ ಇದೆ. ಅಂಗಡಿ ತುಂಬ ಜನ ಇಲ್ಲದಿದ್ರೆ ಅವರಿಗೆ ಕಣ್ಣು ಕಾಣಲ್ಲ."

ರೆಮೋಂ ಸೂಪಿನಲ್ಲಿ ಮುಖ ಹುದುಗಿಸುವನು. ಮೇಜಿನ ಬಳಿ ಯಂತ್ರ ಇರಲಿಲ್ಲವಲ್ಲ.

ಮೊದಮೊದಲು ಗಿರಾಕಿಗಳು ಪೆರ್ನೆಯ ಅಂಗಡಿಯಲ್ಲಿ ಕೊಂಡು ಪೊಟ್ಟಣವನ್ನು ಕೋಟಿನೊಳಗೆ ಅಡಗಿಸಿಕೊಂಡು ಚೌಕ ದಾಟುತ್ತಿದ್ದರು. ಎರಡನೆಯ ಚಳಿಗಾಲದ ಹೊತ್ತಿಗೆ ಯಾರೂ ಅಡಗಿಸಲಿಲ್ಲ. ಲಿಯೋಂತಿನ್ ಮತ್ತೆ ತಾನೇ ಹಿಟ್ಟಿಗೆ ನಿಂತಳು. ಕುಂದಿದ ಮಣಿಕಟ್ಟಿಗೆ ಲಟ್ಟಣಿಗೆ ಭಾರವಾಗಿ ಪದರ ಏಳಲಿಲ್ಲ. ಅದನ್ನು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಕೊಳ್ಳುವ ಮನಸ್ಸೂ ಇರಲಿಲ್ಲ.

ರೆಮೋಂ ಒಂದು ಶನಿವಾರ ಪೆರ್ನೆಯ ಅಂಗಡಿಗೆ ಬಂದ. ಒಳಗೆ ಮೂರು ನಾಲ್ಕು ಹೆಂಗಸರಿದ್ದರು. ಟೋಪಿ ತೆಗೆದು ನಿಂತ.

"ಸೊಲಾಂಜ್, ಸಾಕು. ಮನೆಗೆ ಬಾ."

"ಮನೇಲೇ ಇದ್ದೀನಲ್ಲ. ನಿನ್ನೆ ನಿನ್ನ ಪಕ್ಕದಲ್ಲಿ ಗೊರಕೆ ಹೊಡೆದದ್ದು ಯಾರು?"

ಹೆಂಗಸರು ನಕ್ಕರು. ಅವನು ಕೆಂಪಾದ.

"ಅಂಗಡಿಗೆ ಅಂದೆ."

"ಆವತ್ತು ಜನರ ಮುಂದೆ ಹೇಳಬೇಕಾಗಿದ್ದ ಮಾತು ಒಂದಿದೆ. ಈಗಲೂ ಜನ ಇದ್ದಾರೆ. ಹೇಳು."

ರೆಮೋಂ ಟೋಪಿಯ ಅಂಚನ್ನು ಸುತ್ತಲೂ ತಿರುಗಿಸಿದ. ಹೆಂಗಸರು ಕಾದರು. ಪೆರ್ನೆ ಕೂಡ ಚಾಕು ಮಸೆಯುವುದನ್ನು ನಿಲ್ಲಿಸಿ ಕಾದ. ಆಮೇಲೆ ರೆಮೋಂ ಟೋಪಿ ಹಾಕಿಕೊಂಡು ಹೊರಟುಹೋದ. ಸೊಲಾಂಜ್ ಲಟ್ಟಣಿಗೆ ಎತ್ತಿಕೊಂಡಳು. ಆ ದಿನದ ಹಿಟ್ಟು ಚೆನ್ನಾಗಿ ಬರಲಿಲ್ಲ, ಅವಳೇ ಅದನ್ನು ತಿಪ್ಪೆಗೆ ಎಸೆದಳು.

ಅವನು ಆ ಮಾತು ಹೇಳಿದ್ದು ಬಹಳ ತಡವಾಗಿ, ತನ್ನದೇ ಅಂಗಡಿಯಲ್ಲಿ, ಉಳಿದಿದ್ದ ಕೆಲವೇ ಗಿರಾಕಿಗಳ ಎದುರಿಗೆ. ಲಿಯೋಂತಿನ್ ಯಾರಿಗೋ ಹಳೆಯ ಕತೆ ಹೇಳುತ್ತಿದ್ದಳು, ಸೊಸೆ ಹೇಗೆ ಮಕ್ಕಳ ಹಬ್ಬ ಕೆಡಿಸಿದಳು ಅಂತ. ರೆಮೋಂ ಒಳಗಿನಿಂದ ಬಂದ. "ಬಿಸಿ ಮಾಂಸಕ್ಕೆ ಹಿಟ್ಟು ಸುತ್ತಿದ್ದು ನಾನು. ಸುತ್ತಿಸಿದ್ದು ನೀನು. ಅವಳು ಇಲ್ಲೇ ತೂಗ್ತಾ ನಿಂತಿದ್ದಳು," ಅಂದ.

ಲಿಯೋಂತಿನ್ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸಿದಳು. ಕಬ್ಬಿಣದ ಶಟರ್ ಎಳೆದು, ಬೀಗ ಹಾಕಿ, ಕೀಲಿಯನ್ನು ಸ್ಕರ್ಟಿನ ಜೇಬಿಗೆ ಹಾಕಿಕೊಂಡಳು. "ಅಂಗಡಿ ನನ್ನ ಹೆಸರಲ್ಲಿದೆ. ಹೆಂಡತಿ ಸೆರಗು ಹಿಡ್ಕೊಂಡು ಎದುರುಗಡೆ ಹೋಗು." ಆ ಶಟರ್ ಮತ್ತೆ ಮೇಲೇಳಲಿಲ್ಲ.

ಅವನು ಹೋದ. ಪೆರ್ನೆಗೆ ಒಳ್ಳೆಯ ಕಟುಕ ಬೇಕೇ ಇತ್ತು. ರೆಮೋಂ ಬಾಗಿಲಲ್ಲಿ ನಿಂತು, "ಹೇಳಿದೆ," ಅಂದ.

"ಗೊತ್ತಾಯ್ತು. ಊರೆಲ್ಲ ಗೊತ್ತು," ಅಂದಳು ಸೊಲಾಂಜ್. "ಕೈ ತೊಳ್ಕೊಂಡು ಬಾ. ಫಿಲೆ ಮೇಲಿನ ಬಿಳಿ ಪೊರೆ ತೆಗೀಬೇಕು."

ಕೊನೆಯ ವರ್ಷಗಳಲ್ಲಿ ಲಿಯೋಂತಿನ್‌ಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಯಿತು. ರೆಮೋಂಗೆ ಬೆನ್ನುನೋವು. ಎತ್ತಿ ಕೂರಿಸುವುದು, ತೊಳೆಯುವುದು, ಉಣಿಸುವುದು ಎಲ್ಲ ಸೊಲಾಂಜ್ ಪಾಲಿಗೆ ಬಂತು. ಅವಳು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು, ಒಂದು ಮೆದು ಮಾತೂ ಇಲ್ಲದೆ. ಮುದುಕಿಯೂ ಬೇಡಲಿಲ್ಲ. ಮಾತು ಮಾತ್ರ ಮತ್ತೆ ನೇರವಾಯಿತು, ನಡುವೆ ರೆಮೋಂ ಇರದಿದ್ದರಿಂದ.

"ತಲೆದಿಂಬು ಕಲ್ಲಿನ ಹಾಗಿದೆ."

"ತಲೆಗೆ ತಕ್ಕ ಹಾಗಿದೆ, ಮದಾಮ್."

ಒಂದು ಭಾನುವಾರ ಸೊಲಾಂಜ್ ಫಿಲೆಯ ಒಂದು ಹೋಳನ್ನು ತಂದು ಸಣ್ಣಗೆ ಚೂರುಮಾಡಿ ಬಾಯಿಗಿಟ್ಟಳು. ಲಿಯೋಂತಿನ್ ಬಹಳ ಹೊತ್ತು ಅಗಿದಳು.

"ಬೆಣ್ಣೆ ಜಾಸ್ತಿ."

"ನಿಮ್ಮ ನಾಲಿಗೆ ಸತ್ತಿದೆ."

"ಸತ್ತಿದ್ರೆ ನಿನ್ನ ಅಡುಗೆ ತಿನ್ನಬಹುದಾಗಿತ್ತು."

ಉಳಿದ ಚೂರುಗಳನ್ನೂ ತಿಂದಳು. ಇನ್ನೊಂದು ಹೋಳು ಬೇಕಾ ಅಂತ ಸೊಲಾಂಜ್ ಕೇಳಲಿಲ್ಲ, ಅವಳೂ ಬೇಕು ಅನ್ನಲಿಲ್ಲ.

ಮುದುಕಿಯನ್ನು ಮಣ್ಣು ಮಾಡಿ ಬಂದ ದಿನ ಔಷಧಿ ಅಂಗಡಿಯವನ ಹೆಂಡತಿ ಸೊಲಾಂಜ್ ಕೈ ಹಿಡಿದು, "ಒಳಗೊಳಗೆ ನಿಮ್ಮನ್ನ ಇಷ್ಟಪಡ್ತಿದ್ರು ಬಿಡಿ, ಹೇಳೋಕೆ ಬರ್ತಿರಲಿಲ್ಲ ಅಷ್ಟೆ," ಅಂದಳು.

ಸೊಲಾಂಜ್ ಕೈ ಬಿಡಿಸಿಕೊಂಡಳು. "ಇಲ್ಲ. ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ. ನನಗೂ ಅಷ್ಟೇ. ಇಷ್ಟು ವರ್ಷ ಇಬ್ಬರೂ ಅದನ್ನ ಮುಚ್ಚಿಡದೆ ನಡೆಸಿದ್ದೀವಿ. ಈಗ ಸತ್ತ ಮೇಲೆ ಸುಳ್ಳು ತರಬೇಡಿ."

ಪೆರ್ನೆಯ ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರೂ ವಯಸ್ಸಾಗುವವರೆಗೆ ದುಡಿದರು. ಕೆಲಸ ಬಿಟ್ಟ ಮೇಲೂ ಭಾನುವಾರ ಅವಳು ಒಂದು ಫಿಲೆ ಮಾಡುವಳು, ಇಬ್ಬರಿಗೆ. ಹಾಗೆ ಒಂದು ದಿನ ಊಟದ ನಡುವೆ ರೆಮೋಂ ಕೇಳಿದ:

"ಅಮ್ಮನ ಮೇಲೆ ಈಗಲೂ ಸಿಟ್ಟಿದೆಯಾ?"

"ಇಲ್ಲ. ಅವಳು ಹೊಡೆದಳು, ನಾನೂ ಹೊಡೆದೆ. ಅದು ಅವಳ ಜೊತೆ ಹೋಯ್ತು."

"ನನ್ನ ಮೇಲೆ?"

ಸೊಲಾಂಜ್ ಅವನ ತಟ್ಟೆಗೆ ಅಂಚಿನ ಹೋಳು ಹಾಕಿದಳು, ಹೊದಿಕೆ ಹೆಚ್ಚು, ಮಾಂಸ ಕಡಿಮೆ ಇರುವ ಹೋಳು.

"ನಿನ್ನ ಮೇಲೆ ಇದೆ," ಅಂದಳು. "ತಿನ್ನು, ಆರಿಹೋಗತ್ತೆ."